ಗವಾದ ದಾರಿಯಲ್ಲಿ ಗೇರ್ ಸೈಕಲ್

ಸಹ್ಯಾದ್ರಿಯಲ್ಲಿ ಹಾದಿಗೇನೂ ಬರವಿಲ್ಲ; ಯಾವುದು ಯಾರದೆಂದು ತಿಳಿದಿರಬೇಕು ಅಷ್ಟೇ

ಉದಗಾಂವ (ತಾ. ಶಿರೋಳ): ಕೃಷ್ಣೆಯ ದಂಡೆಯ ಈ ಊರಿಗೆ ಸೈಕಲ್ ಹೊಸದೇನಲ್ಲ. ಹಾಲಿನ ಕ್ಯಾನು, ದನದ ಮೇವು, ಗಿರಣಿಗೆ ಹೊರಟ ಜೋಳದ ಚೀಲ ಎಲ್ಲವನ್ನೂ ಹೊತ್ತು ತಿರುಗಿದ ಗಾಡಿ ಅದು. ಮಳೆಗಾಲದಲ್ಲಿ ಎರಿ ಹೊಲದ ಮಣ್ಣು ಗಾಲಿಗೆ ಮೆತ್ತಿಕೊಂಡಾಗ ಸೈಕಲ್ಲೇ ಸವಾರನ ಹೆಗಲೇರಿ ಮನೆಗೆ ಬಂದದ್ದೂ ಉಂಟು!

ಆದರೆ ಈಗ ಭಾನುವಾರ ನಸುಕಿನಲ್ಲಿ ಜೈಸಿಂಗಪುರ, ಸಾಂಗಲಿ, ಇಚಲಕರಂಜಿ ಕಡೆಯಿಂದ ಪಶ್ಚಿಮಕ್ಕೆ ಹೊರಡುವ ಸೈಕಲ್ಲುಗಳ ಚಹರೆಯೇ ಬೇರೆ. ದಪ್ಪ ಟೈರು, ಮುಂದೆ ಸ್ಪ್ರಿಂಗಿನ ಫೋರ್ಕು, ಡಿಸ್ಕ್ ಬ್ರೇಕು, ಬೆರಳ ತುದಿಯಲ್ಲಿ ಗೇರು. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಗಂಟೆಯೂ ಇಲ್ಲ. ಗಂಟೆಯ ಮಾತು ಮುಂದೆ ಮತ್ತೆ ಬರುತ್ತದೆ.

‘ಡಾಂಬರ್ ರಸ್ತೆ ಇರೂವಾಗ ಕಲ್ಲಾಗ ಯಾಕ ಹೊಡೀತೀಯೋ ತಮ್ಮಾ’ ಎಂಬುದು ಇಂಥ ಹುಡುಗರ ಮನೆಯಲ್ಲಿ ಹಿರಿಯರ ಕಾಯಂ ಪ್ರಶ್ನೆ. ಉತ್ತರ ಸರಳವಾಗಿದೆ. ಉದಗಾಂವದ ಸುತ್ತಮುತ್ತ ನೆಲ ಅಂಗೈಯಂತೆ ಸಪಾಟು. ಅಂಕಲಿ ಸೇತುವೆಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರದವರೆಗೆ ಹೇಳಿಕೊಳ್ಳುವಂಥ ಘಾಟು ಒಂದೂ ಇಲ್ಲ. ಗುಡ್ಡ ಬೇಕೆಂದವರು ಗುಡ್ಡದ ಕಡೆಗೇ ಹೋಗಬೇಕು.

ಗ್ರೀಸು ಸುಟ್ಟ ಕಥೆ

ಗುಡ್ಡದ ಸೈಕಲ್ ಸವಾರಿ, ಅಂದರೆ ಮೌಂಟೇನ್ ಬೈಕಿಂಗ್, ಆಟವಾಗಿ ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬ ಜಿಲ್ಲೆಯಲ್ಲಿ. 1970ರ ದಶಕದಲ್ಲಿ ಅಲ್ಲಿನ ಹುಡುಗರು ಹಳೆಯ, ಭಾರವಾದ ಸೈಕಲ್ಲುಗಳನ್ನು ಗುಡ್ಡಕ್ಕೆ ಒಯ್ದು ಮಣ್ಣಿನ ದಾರಿಯಲ್ಲಿ ಇಳಿಸತೊಡಗಿದರು. 1976ರಲ್ಲಿ ಪಂದ್ಯವೂ ಶುರುವಾಯಿತು. ಸುಮಾರು 3 ಕಿ.ಮೀ. ದಾರಿ, ಅಷ್ಟರಲ್ಲೇ 1300 ಅಡಿ ಇಳಿಜಾರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಳೇ ಬ್ರೇಕು ಎಷ್ಟು ಕಾಯುತ್ತಿತ್ತೆಂದರೆ ಹಿಂದಿನ ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಹೊಸ ಗ್ರೀಸು ತುಂಬಬೇಕು. ಹಾಗಾಗಿ ಆ ಪಂದ್ಯಕ್ಕೆ ‘ರಿಪ್ಯಾಕ್’ ಎಂದೇ ಹೆಸರು ಬಿತ್ತು. ಇಪ್ಪತ್ತು ವರ್ಷದ ನಂತರ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಪದಕ ಬಂತು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಆ ಭಾಗದ ತಮಲ್ಪೈಸ್ ಗುಡ್ಡದ ಬಹಳಷ್ಟು ಭೂಮಿ ಅಲ್ಲಿನ ನೀರು ಪೂರೈಕೆ ಸಂಸ್ಥೆಗೆ ಸೇರಿದ್ದು. ಊರಿಗೆ ಕುಡಿಯುವ ನೀರು ಬರುವುದೇ ಅಲ್ಲಿಂದ. ಸೈಕಲ್ಲು ಹೆಚ್ಚಿದಂತೆ ನಡೆಯುವವರಿಗೂ ಸವಾರರಿಗೂ ಜಗಳ ಹತ್ತಿತು. ಕೊನೆಗೆ ಕಿರುದಾರಿಗಳಲ್ಲಿ ಸೈಕಲ್ ಬೇಡ, ಅಗಲ ದಾರಿಯಲ್ಲೂ ಗಂಟೆಗೆ 15 ಮೈಲಿ ಮೀರಬಾರದು ಎಂಬ ಕಟ್ಟಳೆ ಬಂತು. ಆಟ ಹುಟ್ಟಿದ ಊರಿನಲ್ಲೇ ಆಟಕ್ಕೆ ಲಗಾಮು. ನಮ್ಮ ಭಾಗದವರು ನೆನಪಿಡಬೇಕಾದದ್ದು ಪಂದ್ಯಕ್ಕಿಂತ ಈ ಲಗಾಮನ್ನು.

ಹಾದಿ ಮೊದಲೇ ಇದೆ

ಕೊಲ್ಹಾಪುರ ಜಿಲ್ಲೆಯ ಪಶ್ಚಿಮದಲ್ಲಿ ಸೈಕಲ್ಲಿಗಾಗಿ ಹೊಸ ಹಾದಿ ಕಡಿಯುವ ಅಗತ್ಯವೇ ಇಲ್ಲ. ಎತ್ತಿನ ಮೇಲೆ ಉಪ್ಪು, ಅಕ್ಕಿ ಹೇರಿಕೊಂಡು ಕೊಂಕಣಕ್ಕೂ ಘಟ್ಟದ ಮೇಲಕ್ಕೂ ಓಡಾಡಿದ ದಾರಿಗಳು ಶತಮಾನಗಳಿಂದ ಇವೆ. ಶಾಹೂವಾಡಿ ಕಡೆಯಿಂದ ರಾಜಾಪುರಕ್ಕೆ ಇಳಿಯುವ ಅಣುಸ್ಕುರಾ ಘಾಟಿನಲ್ಲಿ ಹಳೆಯ ಕಲ್ಲುಹಾಸು ಇಂದಿಗೂ ಕಾಣಸಿಗುತ್ತದೆ. ಅಂಬೋಲಿ ಘಾಟಿನ ರಸ್ತೆ ಆಗುವ ಮೊದಲು ವೆಂಗುರ್ಲೆ ಬಂದರಿನ ಸರಕು ಬೆಳಗಾವಿಗೆ ಹತ್ತಿ ಬರುತ್ತಿದ್ದುದು ಚಂದಗಡ ತಾಲೂಕಿನ ರಾಮಘಾಟದಿಂದ. ಡಾಂಬರು ಬಂದ ಮೇಲೆ ಇಂಥ ದಾರಿಗಳಲ್ಲಿ ಕಾಲಿಡುವವರು ಕಡಿಮೆಯಾದರು.

ಎಲ್ಲಕ್ಕಿಂತ ಹೆಸರಾದದ್ದು ಪನ್ಹಾಳದಿಂದ ಪಾವನಖಿಂಡಿಯ ದಾರಿ. 1660ರ ಜುಲೈ ತಿಂಗಳ ಮಳೆಯ ರಾತ್ರಿ ಶಿವಾಜಿ ಮಹಾರಾಜರು ಸಿದ್ದಿ ಜೌಹರನ ಮುತ್ತಿಗೆ ತಪ್ಪಿಸಿಕೊಂಡು ವಿಶಾಳಗಡಕ್ಕೆ ಹೊರಟದ್ದು, ಬಾಜಿಪ್ರಭು ದೇಶಪಾಂಡೆ ಖಿಂಡಿಯಲ್ಲಿ ನಿಂತು ಪ್ರಾಣ ಕೊಟ್ಟದ್ದು ಈ ಭಾಗದ ಶಾಲೆಯ ಹುಡುಗರಿಗೂ ಬಾಯಿಪಾಠ. ಪ್ರತಿ ಜುಲೈನಲ್ಲಿ ಜನ ಈ ದಾರಿ ನಡೆಯುತ್ತಾರೆ. ಕೊಲ್ಹಾಪುರದಿಂದ ಪನ್ಹಾಳ 20 ಕಿ.ಮೀ. ಅಷ್ಟೇ. ಸೈಕಲ್ಲಿನವರಿಗೆ ಇಲ್ಲಿನ ಆಕರ್ಷಣೆ ಮಸಾಯಿ ಪಠಾರ. ಆಕಾಶಕ್ಕೆ ಬಾಯಿ ತೆರೆದ ಜಂಬಿಟ್ಟಿಗೆ ಕಲ್ಲಿನ ಬಯಲು, ಬದಿಯಲ್ಲಿ ಕಣಿವೆ.

ಗಡಹಿಂಗ್ಲಜ ಕಡೆಯವರಿಗೆ ಅಷ್ಟು ದೂರವೂ ಬೇಡ. 1844ರಲ್ಲಿ ಗಡಕರಿಗಳು ದಂಗೆ ಎದ್ದ ಸಾಮಾನಗಡ ಅದೇ ತಾಲೂಕಿನಲ್ಲಿದೆ. ಪ್ರತಾಪರಾವ್ ಗುಜರರು 1674ರಲ್ಲಿ ಬಿದ್ದ ನೇಸರಿ ಖಿಂಡಿಯೂ ಅದೇ ಸೀಮೆ. ಉದಗಾಂವದವರಿಗೆ ಹತ್ತಿರದ್ದೆಂದರೆ ಕುಂಭೋಜದ ಬಾಹುಬಲಿ ಗುಡ್ಡ, ಆಳತೆಯ ರಾಮಲಿಂಗ, ಮಿರಜದಾಚೆಯ ದಂಡೋಬಾ. ಎತ್ತರ ಕಡಿಮೆ, ಆದರೆ ಕಲಿಯುವವರಿಗೆ ಇದೇ ಸರಿಯಾದ ಶಾಲೆ. ಮೊದಲ ವಾರವೇ ಘಟ್ಟ ಇಳಿಯಲು ಹೋಗಿ ಹಲ್ಲು ಮುರಿದುಕೊಳ್ಳುವುದು ಬೇಡ.

ಗೇಟಿನ ಆಚೆ

ಸಮಸ್ಯೆ ಇರುವುದು ದಾಜೀಪುರದಲ್ಲಿ. ದಟ್ಟ ಕಾಡು, ಕೆಂಪು ಮಣ್ಣಿನ ಜೀಪ್ ದಾರಿ, ನೆರಳು, ನೀರು. ಗುಡ್ಡದ ಸವಾರ ಏನೆಲ್ಲ ಬಯಸುತ್ತಾನೋ ಎಲ್ಲವೂ ಅಲ್ಲಿವೆ. ಆದರೆ ಅದು ಸೈಕಲ್ಲಿನ ಕಾಡಲ್ಲ. ಕೊಲ್ಹಾಪುರ ಸಂಸ್ಥಾನದ ಬೇಟೆಯ ಕಾಡಾಗಿದ್ದ ಈ ಪ್ರದೇಶ 1958ರಲ್ಲಿ ಅಭಯಾರಣ್ಯವಾಯಿತು. ಮಹಾರಾಷ್ಟ್ರದ ಮೊದಲ ವನ್ಯಜೀವಿ ಧಾಮ ಎಂಬ ಹೆಸರು ಅದಕ್ಕಿದೆ. 1985ರಲ್ಲಿ ವಿಸ್ತರಣೆಗೊಂಡ ರಾಧಾನಗರಿ ಅಭಯಾರಣ್ಯದ ವಿಸ್ತೀರ್ಣ 351 ಚ.ಕಿ.ಮೀ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಇದೂ ಒಂದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಅಭಯಾರಣ್ಯ ಹೊಗುವಂತಿಲ್ಲ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದು ಹೋಗುವವರಿಗೆ ವಿನಾಯಿತಿ ಇದೆ. ಅಂದರೆ ರಾಧಾನಗರಿಯಿಂದ ದಾಜೀಪುರ ದಾಟಿ ಫೋಂಡಾ ಘಾಟು ಇಳಿಯುವ ಡಾಂಬರು ರಸ್ತೆ ಬೇರೆ, ಗೇಟಿನೊಳಗಿನ ಮಣ್ಣಿನ ದಾರಿ ಬೇರೆ. ‘ಸೈಕಲ್ಲಿಗೆ ಹೊಗಿ ಇಲ್ಲ, ಸಪ್ಪಳ ಇಲ್ಲ, ಹೋದ್ರ ಏನಾತು’ ಎಂಬ ವಾದ ಅಲ್ಲಿ ನಡೆಯದು. ಖಾನಾಪುರ ತಾಲೂಕಿನ ಭೀಮಗಡದಲ್ಲೂ ಇದೇ ಕಾನೂನು. 2011ರಿಂದ ಅದೂ ಅಭಯಾರಣ್ಯ. ಗಡಿ ದಾಟಿದರೆ ಭಾಷೆ ಬದಲಾದೀತು, ಕಲಂ ಬದಲಾಗುವುದಿಲ್ಲ.

ಇಷ್ಟಕ್ಕೂ ಸಪ್ಪಳ ಇಲ್ಲದಿರುವುದೇ ಅಪಾಯ. ಜೀಪಿನ ಸದ್ದು ದೂರದಿಂದಲೇ ಕೇಳಿಸಿ ಪ್ರಾಣಿ ಸರಿದು ನಿಲ್ಲುತ್ತದೆ. ಇಳಿಜಾರಿನಲ್ಲಿ ಬರುವ ಸೈಕಲ್ ಮಾತ್ರ ತಿರುವಿನಲ್ಲಿ ಧುತ್ತೆಂದು ಎದುರಾಗುತ್ತದೆ. ಮರಾಠಿಯಲ್ಲಿ ಗವಾ ಎನ್ನುವ ಕಾಡುಕೋಣ ಒಂದು ಟನ್‌ವರೆಗೆ ತೂಗುವ ಪ್ರಾಣಿ. ಸ್ವಭಾವದಲ್ಲಿ ಸಂಕೋಚದ್ದು, ಗಾಬರಿ ಬಿದ್ದರೆ ಮಾತ್ರ ನುಗ್ಗುತ್ತದೆ. ಕರಡಿಯ ಮಾತು ಇನ್ನೂ ಬೇರೆ. ಗೆದ್ದಲಿನ ಹುತ್ತ ಕೆದರುವುದರಲ್ಲಿ ಮಗ್ನವಾದ ಕರಡಿಗೆ ಪಕ್ಕಕ್ಕೆ ಬಂದವರ ಅರಿವೇ ಇರುವುದಿಲ್ಲ, ಅರಿವಾದ ಕೂಡಲೇ ಮೈಮೇಲೆ ಬೀಳುತ್ತದೆ. ಅಮೆರಿಕದ ಕರಡಿ ಕಾಡುಗಳಲ್ಲಿ ಸವಾರರು ಸದ್ದು ಮಾಡುತ್ತ ಹೋಗಬೇಕೆಂಬ ತಿಳಿವಳಿಕೆ ಕೊಡುವುದು ಇದಕ್ಕೇ. ಅಪ್ಪನ ಕಾಲದ ಸೈಕಲ್ಲಿನ ‘ಟ್ರಿಣ್ ಟ್ರಿಣ್’ ಗಂಟೆಯನ್ನು ಸಾವಿರಾರು ರೂಪಾಯಿಯ ಈ ಸೈಕಲ್ಲಿಗೆ ಕಟ್ಟಿಕೊಂಡರೆ ಮರ್ಯಾದೆಗೇನೂ ಕುಂದಿಲ್ಲ.

ಗವಾ ಗೇಟಿನೊಳಗೇ ಇರುತ್ತದೆ ಎಂದೂ ತಿಳಿಯಬಾರದು. ಘಟ್ಟದ ಸೆರಗಿನ ಊರುಗಳಲ್ಲಿ ಕಬ್ಬಿನ ಹೊಲಕ್ಕೆ ಇಳಿಯುವುದು ಅದಕ್ಕೆ ರೂಢಿ. 2021ರ ಡಿಸೆಂಬರ್‌ನಲ್ಲಿ ಕೊಲ್ಹಾಪುರ ನಗರದ ಅಂಚಿಗೇ ಬಂದಿತ್ತು. ಬೆಳಗಿನ ಮಬ್ಬು, ಸಂಜೆಯ ಮಬ್ಬು ಅದರ ಮೇಯುವ ಹೊತ್ತು. ಎದುರಾದರೆ ಇಳಿದು ನಿಲ್ಲುವುದು, ಹಿಂದೆ ಸರಿಯುವುದು. ಮೊಬೈಲು ಹಿಡಿದು ಹತ್ತಿರ ಹೋಗುವುದಂತೂ ಬೇಡವೇ ಬೇಡ.

ಆಟಕ್ಕೆ ಹಾದಿ, ಅವರಿಗೆ ರಸ್ತೆ

ಕಾಡಿನ ಹೊರಗಿನ ಹಾದಿಗಳಿಗೂ ಒಡೆಯರಿದ್ದಾರೆ. ಶಾಹೂವಾಡಿ, ಪನ್ಹಾಳ, ಗಗನಬಾವಡಾ, ರಾಧಾನಗರಿ ತಾಲೂಕುಗಳ ಗುಡ್ಡದ ಮೇಲೆ ಗವಳಿ ಧನಗರರ ವಾಡಾಗಳಿವೆ. ಎಮ್ಮೆ ಸಾಕುವ ಜನ. ಎಷ್ಟೋ ಧನಗರವಾಡಾಗಳಿಗೆ ವಾಹನ ಹೋಗುವ ರಸ್ತೆ ಇಲ್ಲದೆ ಬಾಣಂತಿಯರನ್ನೂ ರೋಗಿಗಳನ್ನೂ ಡೋಲಿಯಲ್ಲಿ ಹೊತ್ತು ಇಳಿಸಬೇಕಾದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಸವಾರ ರೋಮಾಂಚನಕ್ಕೆಂದು ಇಳಿಯುವ ಆ ಒಂದೂವರೆ ಅಡಿ ಅಗಲದ ಪಾಯವಾಟೆ ಅವರಿಗೆ ಶಾಲೆಯ ದಾರಿ, ದವಾಖಾನೆಯ ದಾರಿ, ಹಾಲಿನ ದಾರಿ.

ಒದ್ದೆ ನೆಲದಲ್ಲಿ ಬ್ರೇಕು ಹಿಡಿದು ಹಿಂದಿನ ಗಾಲಿ ಜಾರಿಸಿದರೆ ಬೀಳುವ ಗೀರು ಮೊದಲು ಬೆರಳಿನಷ್ಟು. ಮುಂದಿನ ಮಳೆಗೆ ನೀರು ಅದೇ ಗೀರು ಹಿಡಿದು ಹರಿಯುತ್ತದೆ. ಮೂರು ಮಳೆಗಾಲಕ್ಕೆ ಹಾದಿ ಹಳ್ಳವಾಗುತ್ತದೆ. ತಲೆಯ ಮೇಲೆ ಹೊರೆ ಹೊತ್ತ ಹೆಣ್ಣುಮಗಳು ಅದರಲ್ಲಿ ಕಾಲಿಡಬೇಕು. ಆದ್ದರಿಂದ ಇಳಿಜಾರಿನಲ್ಲಿ ಎರಡೂ ಬ್ರೇಕನ್ನು ಹದವಾಗಿ ಹಿಡಿಯುವುದು, ನೆಲ ಒಣಗಿದ ಮೇಲೆಯೇ ಹೋಗುವುದು, ನಡೆದು ಬರುವವರಿಗೆ ಮೊದಲು ದಾರಿ ಬಿಡುವುದು ಶಿಷ್ಟಾಚಾರದ ಮಾತಷ್ಟೇ ಅಲ್ಲ. ದನ ಕಾಯುವವರು ‘ಈ ಕಡಿ ಬ್ಯಾಡ್ರಿ’ ಎಂದರೆ ತಿರುಗುವುದೇ ಸರಿ. ಅವರಿಗೆ ಗೊತ್ತಿರುತ್ತದೆ.

ಮಸಾಯಿ ಪಠಾರದಂಥ ಜಂಬಿಟ್ಟಿಗೆ ಬಯಲಿಗೆ, ಅಂದರೆ ಸಡಾಕ್ಕೆ, ಇನ್ನೂ ಹೆಚ್ಚಿನ ಎಚ್ಚರ ಬೇಕು. ಬರೀ ಕಲ್ಲು ಎಂದು ಕಾಣುವ ಅದರ ಮೇಲೆ ಇಂಚಿನಷ್ಟು ಮಣ್ಣು. ಆ ಮಣ್ಣಿನಲ್ಲಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಲ್ಪಾಯುಷ್ಯದ ಹೂವು. ಒಂದು ಸಲ ಗಾಲಿ ಹೊರಳಿದ ಕಡೆ ಹೂವು ಮತ್ತೆ ಬರಲು ವರ್ಷಗಳು ಬೇಕು. ಪಾಚಿ ಕಟ್ಟಿದ ಜಂಬಿಟ್ಟಿಗೆ ಸವಾರನನ್ನೂ ಬಿಡುವುದಿಲ್ಲ, ಎಂಥ ಟೈರಿದ್ದರೂ ಜಾರಿಸಿ ಕೆಡವುತ್ತದೆ. 2020ರ ಬಳಿಕದ ವರ್ಷಗಳಲ್ಲಿ ಮಸಾಯಿ ಪಠಾರ, ಪನ್ಹಾಳಗಡ, ವಿಶಾಳಗಡ, ಗಗನಬಾವಡಾ, ಆಜರಾ-ಭುದರಗಡ, ಚಂದಗಡ ಪ್ರದೇಶಗಳನ್ನು ಮಹಾರಾಷ್ಟ್ರ ಸರಕಾರ ಸಂರಕ್ಷಣಾ ಮೀಸಲುಗಳೆಂದು ಘೋಷಿಸಿದೆ. ಹೊರಡುವ ಮೊದಲು ಆಯಾ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಉದಗಾಂವದವರಿಗೆ ಇದೆಲ್ಲ ದೂರದ ಮಾತೂ ಅಲ್ಲ. ಚಾಂದೋಲಿ ಕಾಡಿನ ವಾರಣಾ ಹರಿಪುರದ ಬಳಿ ಕೃಷ್ಣೆಗೆ ಸೇರಿ ಅಂಕಲಿ ಸೇತುವೆಯ ಕೆಳಗೆ ಹರಿದು ಬರುತ್ತದೆ. ರಾಧಾನಗರಿಯ ಭೋಗಾವತಿ ಪಂಚಗಂಗೆಯಾಗಿ ನರಸೋಬಾವಾಡಿಯಲ್ಲಿ ಕೂಡುತ್ತದೆ. ಅಂಬೋಲಿಯ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜ, ಸಂಕೇಶ್ವರ ಮುಟ್ಟಿ ಘಟಪ್ರಭೆಗೆ ಹೋಗುತ್ತದೆ. ಘಟ್ಟದ ಮಣ್ಣು ನಿಂತರೆ ನೀರು ತಿಳಿ. 2005, 2019, 2021ರ ಮಹಾಪೂರ ಕಂಡ ಶಿರೋಳ ತಾಲೂಕಿಗೆ ಮೇಲಿನ ಕಾಡಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಆಟಕ್ಕೆ ಜಾಗವೇ ಇಲ್ಲವೇ ಎಂದರೆ, ಇದೆ. ಕೇರಳ 2023ರ ಅಕ್ಟೋಬರ್‌ನಲ್ಲಿ ಪೊನ್ಮುಡಿಯ ಚಹಾ ತೋಟದಲ್ಲಿ ಟ್ರ್ಯಾಕ್ ಸಿದ್ಧಪಡಿಸಿ ಏಷ್ಯನ್ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ಪನ್ನೇ ನಡೆಸಿತು. ಕರ್ನಾಟಕದಲ್ಲಿ 2021ರಲ್ಲಿ ರಾಷ್ಟ್ರೀಯ ಸ್ಪರ್ಧೆ ನಡೆದದ್ದು ಗದಗದ ಬಯಲುಸೀಮೆಯ ಗುಡ್ಡದಲ್ಲಿ. ಅಭಯಾರಣ್ಯದ ಹೊರಗೆ, ಊರಿನವರ ಒಪ್ಪಿಗೆಯಿಂದ ನಾಲ್ಕು ಹಳೆ ದಾರಿಗೆ ಗುರುತಿನ ಕಲ್ಲು ನೆಟ್ಟರೆ ಕೊಲ್ಹಾಪುರ ಜಿಲ್ಲೆಗೂ ಅಂಥದ್ದು ಕಷ್ಟವಲ್ಲ. ಊರಲ್ಲಿ ಊಟ, ವಸತಿ ಸಿಕ್ಕರೆ ನಾಲ್ಕು ಕಾಸು ಅಲ್ಲೇ ಉಳಿಯುತ್ತದೆ.

ಮಳೆಗಾಲದಲ್ಲಿ ದಾಜೀಪುರದ ಗೇಟು ಹೇಗೂ ಬಂದ್. ಅಲ್ಲಿಯವರೆಗೆ ಬಾಹುಬಲಿಯ ಕಡೆಗೆ ಹೋಗಿ ಬರಬಹುದು. 1963ರಲ್ಲಿ ಪ್ರತಿಷ್ಠಾಪಿಸಿದ 28 ಅಡಿಯ ಅಮೃತಶಿಲೆಯ ಮೂರ್ತಿ ಇರುವ ಕ್ಷೇತ್ರವದು, ಆದ್ದರಿಂದ ಮೆಟ್ಟಿಲ ಹತ್ತಿರ ಸೈಕಲ್ ಬೇಡ. ಬುಡದ ಚಕ್ಕಡಿ ದಾರಿಗಳೇ ಸಾಕು. ಜಾಲಿ ಮುಳ್ಳಿಗೆ ಒಂದು ಹೆಚ್ಚಿನ ಟ್ಯೂಬು, ಪಂಪು, ಹೆಲ್ಮೆಟ್ಟು, ಎರಡು ಬಾಟಲಿ ನೀರು ಇರಲಿ. ಉದಗಾಂವದಿಂದ ನಸುಕಿನಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ.