ತೀರ್ಪುಗಾರನನ್ನೇ ಹೊರಹಾಕುವ ಮತ

ಬಾಗಿಲು ಮುಚ್ಚಿದ ಕಾರ್ಖಾನೆಯೊಂದನ್ನು ಕಲ್ಪಿಸಿಕೊಳ್ಳಿ. ಜಮೀನು, ಯಂತ್ರ ಹರಾಜಾಗಿ, ಖರ್ಚು ಕಳೆದು 10 ಕೋಟಿ ರೂಪಾಯಿ ಉಳಿದಿದೆ. ಬ್ಯಾಂಕಿಗೆ ಬರಬೇಕಾದದ್ದು 36 ಕೋಟಿ; ಕಾರ್ಮಿಕರ 24 ತಿಂಗಳ ಬಾಕಿ 4 ಕೋಟಿ. ಬ್ಯಾಂಕು ತನ್ನ ಅಡಮಾನವನ್ನು ಒಟ್ಟು ಆಸ್ತಿಗೆ ಬಿಟ್ಟುಕೊಟ್ಟಿದ್ದರೆ, ದಿವಾಳಿ ಸಂಹಿತೆಯ 53ನೇ ಕಲಂ ಪ್ರಕಾರ ಇಬ್ಬರದೂ ಒಂದೇ ಸಾಲು. ಬಾಕಿಯ ಪ್ರಮಾಣದಲ್ಲಿ ಹಂಚಿದಾಗ ಕಾರ್ಮಿಕರಿಗೆ ದಕ್ಕುವುದು 1 ಕೋಟಿ. ಆದರೆ ಆ ಅಡಮಾನ ಕಂಪನಿ ರಿಜಿಸ್ಟ್ರಾರ್ ಬಳಿ ನೋಂದಣಿಯೇ ಆಗಿಲ್ಲ ಎಂದಿಟ್ಟುಕೊಳ್ಳಿ. ಅಂಥದ್ದನ್ನು ಲಿಕ್ವಿಡೇಟರ್, ಅಂದರೆ ಆಸ್ತಿ ಮಾರಿ ಹಂಚುವವನು, ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎನ್ನುತ್ತದೆ ಕಂಪನಿ ಕಾಯ್ದೆ 2013ರ 77ನೇ ಕಲಂ. ಬ್ಯಾಂಕು ಕೆಳಸಾಲಿಗೆ ಸರಿಯುತ್ತದೆ. ಕಾರ್ಮಿಕರಿಗೆ ಪೂರ್ತಿ 4 ಕೋಟಿ.

ಈ 3 ಕೋಟಿ ಯಾರ ಪಾಲು ಎಂದು ಮೊದಲು ಹೇಳುವವನು ಲಿಕ್ವಿಡೇಟರ್. ಕ್ಲೇಮುಗಳ ಕುರಿತ ಅವನ ನಿರ್ಧಾರ ಅರೆನ್ಯಾಯಿಕ ಸ್ವರೂಪದ್ದು ಎಂದು 2019ರ ಸ್ವಿಸ್ ರಿಬ್ಬನ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಪ್ಪದವರಿಗೆ ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿಗೆ ಮೇಲ್ಮನವಿ ಉಂಟು, 14 ದಿನದೊಳಗೆ.

ಮೇಲ್ಮನವಿಗಿಂತ ಹತ್ತಿರದ ದಾರಿಯೂ ಈಗ ಇದೆ. ಲಿಕ್ವಿಡೇಟರನನ್ನು ಬದಲಿಸಲು, ಬಾಕಿ ಬರಬೇಕಾದವರ ಸಮಾಲೋಚನಾ ಸಮಿತಿ 66% ಮತದಿಂದ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಮತದ ತೂಕ ಕ್ಲೇಮಿನ ಮೊತ್ತದಷ್ಟು. ಅಡಮಾನ ಬಿದ್ದುಹೋದರೂ ಬ್ಯಾಂಕಿನ 36 ಕೋಟಿ ಸಾಲ ಸಾಲವೇ. ನಮ್ಮ ಕಾರ್ಖಾನೆಯಲ್ಲಿ ಅದರ ಕೈಯಲ್ಲಿ 90% ಮತ! ಕಾರಣ ಬರೆದಿಡಬೇಕೆಂಬ ನಿಯಮವೇನೋ ಇದೆ. ಆದರೆ 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆ ಇನ್ನೂ ಮುಂದೆ ಹೋಗಿ, ಸಮಾಪನೆಯ ಉಸ್ತುವಾರಿಯನ್ನೂ ಲಿಕ್ವಿಡೇಟರನನ್ನು ಬದಲಿಸುವ ಅಧಿಕಾರವನ್ನೂ ಸಾಲದಾತರ ಸಮಿತಿಗೆ ಒಪ್ಪಿಸಲು ಹೊರಟಿತು. ಆ ಸಮಿತಿಯಲ್ಲಿ ಕಾರ್ಮಿಕರಿಗೆ ಮತವೇ ಇಲ್ಲ. ಅದೇ ಸಮಿತಿ, ಕಂಪನಿಯನ್ನು ಉಳಿಸುವ ಮೊದಲ ಹಂತವನ್ನು ನಡೆಸುವ ರೆಸಲ್ಯೂಷನ್ ಪ್ರೊಫೆಷನಲ್‌ನನ್ನು ಬದಲಿಸುವಾಗ ಕಾರಣ ದಾಖಲಿಸಬೇಕಿಲ್ಲ ಎಂದು ಮೇಲ್ಮನವಿ ನ್ಯಾಯಮಂಡಳಿ ಈಗಾಗಲೇ ಹೇಳಿಬಿಟ್ಟಿದೆ. ಅದೇ ಚಾಳಿ ಇಲ್ಲಿಗೂ ಹಬ್ಬಿದರೆ ನ್ಯಾಯಮಂಡಳಿಗೆ ಉಳಿಯುವುದು ಮೊಹರು ಒತ್ತುವ ಕೆಲಸ. ತನ್ನ ಕುರ್ಚಿ ಯಾರ ಕೈಲಿದೆ ಎಂದು ತಿಳಿದ ಲಿಕ್ವಿಡೇಟರ್ ನೋಂದಣಿಯ ದಾಖಲೆಯನ್ನು ಎಷ್ಟು ಕೆದಕಿಯಾನು?

ಸೋಮಾರಿ ಲಿಕ್ವಿಡೇಟರುಗಳಿದ್ದಾರೆ, ನಿಜ. ವರ್ಷದೊಳಗೆ ಮುಗಿಯಬೇಕಾದ ಕೆಲಸ ಎಳೆದಷ್ಟೂ ಯಂತ್ರಕ್ಕೆ ತುಕ್ಕು. ಅದಕ್ಕೆ ಮದ್ದು ಮೊದಲೇ ಇತ್ತಲ್ಲ! ಕಂಪನಿ ಕಾಯ್ದೆಯ 276ನೇ ಕಲಂ ದುರ್ನಡತೆ, ವಂಚನೆ, ವೃತ್ತಿಪರ ಅಸಮರ್ಥತೆ, ಹಿತಾಸಕ್ತಿ ಸಂಘರ್ಷ ಮುಂತಾದ ಕಾರಣಗಳನ್ನು ಹೆಸರಿಸಿ, ಲಿಖಿತ ಕಾರಣ ಕೊಟ್ಟು ತೆಗೆಯಬಹುದು ಎನ್ನುತ್ತದೆ. ಇಂಗ್ಲೆಂಡಿನಲ್ಲಿ 1987ರ ಕೀಪ್ಯಾಕ್ ಪ್ರಕರಣದಲ್ಲಿ ನ್ಯಾಯಮೂರ್ತಿ ಮಿಲೆಟ್ ಲಿಕ್ವಿಡೇಟರನನ್ನು ತೆಗೆದದ್ದು ಅವನು ಕದ್ದನೆಂದಲ್ಲ, ನಿರ್ದೇಶಕರ ವ್ಯವಹಾರವನ್ನು ಹುರುಪಿನಿಂದ ತನಿಖೆ ಮಾಡಲಿಲ್ಲವೆಂದು. ನಿದ್ದೆ ಹೊಡೆಯುವವನನ್ನು ಎಬ್ಬಿಸಲು ಕೋರ್ಟಿನ ಕೈಗೆ ಅಷ್ಟು ಬಲವಿದೆ. ಮತಕ್ಕೆ ಸಿಕ್ಕಿಬೀಳುವವನು ಎಚ್ಚರಾಗಿದ್ದವನು.

ಹಳೆಯ ಪದ್ಧತಿ ಹೀಗಿರಲಿಲ್ಲ. ಕಿಂಗ್‌ಫಿಷರ್ ಏರ್‌ಲೈನ್ಸ್ ಮುಚ್ಚಲು ಕರ್ನಾಟಕ ಹೈಕೋರ್ಟ್ 2016ರ ನವೆಂಬರ್‌ನಲ್ಲಿ ಆದೇಶಿಸಿದಾಗ ಸಮಾಪನೆಯ ಕೆಲಸ ಹೋದದ್ದು ಕೋರ್ಟಿಗೆ ಉತ್ತರ ಹೇಳುವ ಅಧಿಕೃತ ಲಿಕ್ವಿಡೇಟರ್ ಕೈಗೆ. ಆ ಪದ್ಧತಿ ನಿಧಾನದ್ದು, ಸಮರ್ಥಿಸಲಾರೆ. ಆದರೆ ಸಾಲ ಕೊಟ್ಟವರು ಕೈಯೆತ್ತಿ ಅವನನ್ನು ಕಳಿಸುವಂತಿರಲಿಲ್ಲ.

ಕ್ಲೇಮಾಗಲಿ ಅಡಮಾನವಾಗಲಿ ತಿರಸ್ಕೃತವಾದ ಸಾಲದಾತನಿಗೆ ಲಿಕ್ವಿಡೇಟರನ ಬದಲಾವಣೆಯಲ್ಲಿ ಮತ ಇರಬಾರದು. ಲಿಖಿತ ಕಾರಣವನ್ನು ನ್ಯಾಯಮಂಡಳಿಯೇ ತೂಗಬೇಕು. ಅಲ್ಲಿಯವರೆಗೆ ಕಾರ್ಮಿಕ ಸಂಘದವರು ಒಂದು ಕೆಲಸ ಮಾಡಬಹುದು: ರಿಜಿಸ್ಟ್ರಾರ್ ಬಳಿಯ ಅಡಮಾನಗಳ ದಾಖಲೆಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು.