ಕರ್ನಾಟಕದಲ್ಲಿ ಸೂಫಿ ಪಂಥ

ಸೂಫಿ ಪಂಥವು ಇಸ್ಲಾಂ ಧರ್ಮದ ಅನುಭಾವ ಮಾರ್ಗವಾಗಿದೆ. ಅರಬ್ಬಿ ಭಾಷೆಯಲ್ಲಿ ಇದನ್ನು ತಸವ್ವುಫ್ ಎಂದು ಕರೆಯುತ್ತಾರೆ. ಕರ್ನಾಟಕದಲ್ಲಿ ಇದು ಬಹಮನಿ ಮತ್ತು ಆದಿಲ್‌ಶಾಹಿ ಅರಸರ ಕಾಲದಲ್ಲಿ ಬೇರೂರಿತು. ಕಲಬುರಗಿ, ಬೀದರ್ ಹಾಗೂ ವಿಜಯಪುರ ಇದರ ಮುಖ್ಯ ಕೇಂದ್ರಗಳಾಗಿದ್ದವು.

ತತ್ತ್ವ

ಉಣ್ಣೆ ಎಂಬ ಅರ್ಥದ 'ಸೂಫ್' ಪದದಿಂದ ಸೂಫಿ ಎಂಬ ಹೆಸರು ಬಂದಿದೆ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆರಂಭದ ವಿರಕ್ತರು ಒರಟು ಉಣ್ಣೆಯ ಬಟ್ಟೆ ಧರಿಸುತ್ತಿದ್ದರು. ದೇವರು ಒಬ್ಬನೇ ಎಂಬ ನಂಬಿಕೆಯನ್ನು (ತೌಹೀದ್) ಸೂಫಿಗಳು ಬಾಯಿಮಾತಾಗಿ ಮಾತ್ರವಲ್ಲದೆ ಸ್ವಂತ ಅನುಭವವಾಗಿ ಕಾಣಬಯಸುತ್ತಾರೆ. ಅಹಂಕಾರ ಅಳಿಯುವ ಸ್ಥಿತಿಗೆ 'ಫನಾ' ಎಂದೂ ಅನಂತರ ದೇವರಲ್ಲಿ ನೆಲೆಗೊಳ್ಳುವುದಕ್ಕೆ 'ಬಕಾ' ಎಂದೂ ಹೆಸರು. ಶರೀಅತ್, ತರೀಕತ್, ಹಕೀಕತ್ ಮತ್ತು ಮಾರಿಫತ್ ಎಂಬುವು ಸಾಧನೆಯ ನಾಲ್ಕು ಮೆಟ್ಟಿಲುಗಳು.

ಆಚರಣೆಗಳು

ಸಾಧಕನು (ಮುರೀದ್) ಗುರುವಿನಿಂದ (ಪೀರ್ ಅಥವಾ ಮುರ್ಷಿದ್) ದೀಕ್ಷೆ ಪಡೆಯುತ್ತಾನೆ. ಗುರುಪರಂಪರೆಗೆ ಸಿಲ್ಸಿಲಾ ಎಂದು ಹೆಸರು. ಚಿಶ್ತಿ, ಕಾದರಿ, ಸುಹ್ರವರ್ದಿ, ನಕ್ಷ್‌ಬಂದಿ ಇವು ಭಾರತದ ಪ್ರಮುಖ ಪರಂಪರೆಗಳು. ದೇವರ ನಾಮಸ್ಮರಣೆಯಾದ 'ಜಿಕ್ರ್' ಎಲ್ಲ ಪರಂಪರೆಗಳಿಗೂ ಸಾಮಾನ್ಯ. ನಕ್ಷ್‌ಬಂದಿಗಳು ಇದನ್ನು ಹೆಚ್ಚಾಗಿ ಮೌನವಾಗಿ ಮಾಡಿದರೆ, ಚಿಶ್ತಿಗಳು 'ಸಮಾ' ಎಂಬ ಸಂಗೀತ ಶ್ರವಣಕ್ಕೂ ಸ್ಥಾನ ನೀಡಿದ್ದಾರೆ.

ಸಂತನ ಮರಣದಿನವನ್ನು 'ಉರುಸ್' ಎಂದು ಆಚರಿಸುತ್ತಾರೆ. ಈ ಪದದ ಮೂಲಾರ್ಥ ಮದುವೆ. ಮರಣವನ್ನು ಪ್ರಿಯನಾದ ದೇವರೊಡನೆ ಕೂಡುವ ಘಳಿಗೆಯೆಂದು ಭಾವಿಸಲಾಗುತ್ತದೆ. ಗಂಧದ ಮೆರವಣಿಗೆ, ಸಮಾಧಿಗೆ ಚಾದರ ಹೊದಿಸುವುದು, ಫಾತಿಹಾ ಪಠಣ ಇದರ ಅಂಗಗಳು. ಉತ್ತರ ಕರ್ನಾಟಕದಲ್ಲಿ ಹಿಂದೂ ಭಕ್ತರೂ ದರ್ಗಾಗಳಿಗೆ ಹರಕೆ ಹೊತ್ತು ಸಕ್ಕರೆ ಓದಿಸುವ ರೂಢಿಯಿದೆ.

ಕರ್ನಾಟಕದ ಸೂಫಿಗಳು

ಖ್ವಾಜಾ ಬಂದೇನವಾಜ್ ಗೇಸುದರಾಜ್ (1321–1422) ದೆಹಲಿಯ ಚಿಶ್ತಿ ಸಂತ ನಸೀರುದ್ದೀನ್ ಚಿರಾಗ್ ದೆಹಲಿಯವರ ಶಿಷ್ಯರು. ತೈಮೂರನ ದಾಳಿಯ ವೇಳೆ, 1398ರಲ್ಲಿ ದೆಹಲಿಯನ್ನು ತೊರೆದ ಅವರು ಫಿರೋಜ್ ಷಾ ಬಹಮನಿಯ ಆಳ್ವಿಕೆಯಲ್ಲಿ ಕಲಬುರಗಿಗೆ ಬಂದು ನೆಲೆಸಿದರು. ಮುಂದೆ ಸುಲ್ತಾನನೊಂದಿಗೆ ಅವರ ಸಂಬಂಧ ಕೆಟ್ಟಿತು. ಸೂಫಿಗಳು ಮತ್ತು ಅರಮನೆಯ ನಂಟು ಸದಾ ಸರಳವಾಗಿರಲಿಲ್ಲ ಎಂಬುದಕ್ಕೆ ಇದು ಉದಾಹರಣೆ.

ವಿಜಯಪುರದಲ್ಲಿ ಮೀರಾಂಜಿ ಶಂಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಂ ಮೊದಲಾದವರು ಜನಭಾಷೆಯಾದ ದಖನಿಯಲ್ಲಿ ಬರೆದರು. ಬೀಸುವಾಗ ಹಾಡುವ 'ಚಕ್ಕಿನಾಮಾ', ನೂಲುವಾಗ ಹಾಡುವ 'ಚರಖಾನಾಮಾ'ಗಳ ಮೂಲಕ ಸೂಫಿ ವಿಚಾರಗಳು ಹೆಣ್ಣುಮಕ್ಕಳ ದುಡಿಮೆಯ ಹಾಡಾಗಿ ಮನೆಯೊಳಗೆ ತಲುಪಿದವೆಂದು ಇತಿಹಾಸಕಾರ ರಿಚರ್ಡ್ ಈಟನ್ ವಿವರಿಸಿದ್ದಾರೆ. ಶಿಶುನಾಳ ಶರೀಫರು (1819–1889) ಗೋವಿಂದ ಭಟ್ಟರ ಶಿಷ್ಯರಾಗಿ ಕನ್ನಡದಲ್ಲಿ ತತ್ತ್ವಪದಗಳನ್ನು ರಚಿಸಿದರು.

ಮಲೆನಾಡಿನಲ್ಲಿ

ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ಹಜರತ್ ಸೈಯದ್ ಸಾದತ್ ದರ್ಗಾ ಮತ್ತು ಭೂತರಾಯ ಚೌಡೇಶ್ವರಿ ದೇವಾಲಯ ಒಂದೇ ಸೂರಿನಡಿ ಇವೆ. ಎರಡೂ ಧರ್ಮಗಳ ಭಕ್ತರು ಇಲ್ಲಿಗೆ ಬರುತ್ತಾರೆ. ಇದರ ಆಡಳಿತ ಮುಜರಾಯಿ ಇಲಾಖೆಯದು.

ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್‌ಗಿರಿಯು ದತ್ತಾತ್ರೇಯನ ಪೀಠವೆಂದೂ ದಾದಾ ಹಯಾತ್ ಕಲಂದರ್ ಅವರ ನೆಲೆಯೆಂದೂ ಪೂಜಿತವಾಗಿದೆ. ಯೆಮೆನ್‌ನಿಂದ ಏಳು ಕಾಫಿ ಬೀಜಗಳನ್ನು ಬಾಬಾಬುಡನ್ ಇಲ್ಲಿಗೆ ತಂದರೆಂಬ ಐತಿಹ್ಯವಿದೆ. ಇಲ್ಲಿನ ಪೂಜಾ ವಿಧಾನ ಮತ್ತು ಆಡಳಿತದ ಹಕ್ಕು ದಶಕಗಳಿಂದ ವಿವಾದದಲ್ಲಿದೆ. ಮುಜಾವರರಿಗಷ್ಟೇ ಗುಹೆಯೊಳಗಿನ ವಿಧಿಗಳನ್ನು ನಡೆಸಲು ಅವಕಾಶ ನೀಡಿದ್ದ 2018ರ ಸರ್ಕಾರಿ ಆದೇಶವನ್ನು ಹೈಕೋರ್ಟ್ 2021ರಲ್ಲಿ ರದ್ದುಪಡಿಸಿತು.

ಟೀಕೆ

ಸಮಾಧಿಗೆ ಮಣಿಯುವುದು, ಸಂತರಲ್ಲಿ ಬೇಡಿಕೊಳ್ಳುವುದು ಏಕದೇವೋಪಾಸನೆಗೆ ವಿರುದ್ಧವೆಂದು ಸುಧಾರಣಾವಾದಿ ಮುಸ್ಲಿಮರು ಆಕ್ಷೇಪಿಸುತ್ತಾರೆ. ಬೇಡಿಕೆ ಸಲ್ಲುವುದು ದೇವರಿಗೇ, ಸಂತನು ಕೇವಲ ಮಧ್ಯಸ್ಥ ಎಂಬುದು ದರ್ಗಾ ಪರಂಪರೆಯವರ ಉತ್ತರ.