ಹಿಮಕುಸಿತದ ಅಪಾಯ ನಿರ್ಣಯ

ಹಿಮಕುಸಿತದ ಅಪಾಯ ನಿರ್ಣಯವು ಪರ್ವತದ ಇಳಿಜಾರಿನಲ್ಲಿ ಶೇಖರಗೊಂಡ ಹಿಮವು ಜಾರಿ ಬೀಳುವ ಸಾಧ್ಯತೆಯನ್ನು ಅಂದಾಜು ಮಾಡುವ ವಿಧಾನವಾಗಿದೆ. ಇಳಿಜಾರಿನ ಸ್ವರೂಪ, ಹವಾಮಾನ ಮತ್ತು ಹಿಮಪದರಗಳ ರಚನೆ ಇದರ ಮುಖ್ಯ ಆಧಾರಗಳು. ಹಿಮಾಲಯ, ಆಲ್ಪ್ಸ್ ಮೊದಲಾದ ಪರ್ವತಗಳಲ್ಲಿ ಸೈನಿಕರು, ಪರ್ವತಾರೋಹಿಗಳು ಹಾಗೂ ಸ್ಕೀ ಆಟಗಾರರ ಸುರಕ್ಷತೆಯು ಇದನ್ನು ಅವಲಂಬಿಸಿದೆ.

ಹಿಮಪದರಗಳು

ಚಳಿಗಾಲದ ಹಿಮವು ಪದರಪದರವಾಗಿ ಶೇಖರವಾಗುತ್ತದೆ. ಹಿಮದ ಹೊದಿಕೆ ತೆಳುವಾಗಿದ್ದು ಚಳಿ ತೀವ್ರವಾಗಿದ್ದಾಗ, ನೆಲದ ಬಳಿಯ ಹಿಮಕ್ಕಿಂತ ಮೇಲ್ಮೈಯ ಹಿಮವು ಬಹಳ ತಣ್ಣಗಿರುತ್ತದೆ. ಈ ಉಷ್ಣತಾ ವ್ಯತ್ಯಾಸದಿಂದ ಒಳಗಿನ ಹರಳುಗಳು ಒಂದಕ್ಕೊಂದು ಅಂಟದ, ಸಕ್ಕರೆಯಂತಹ ಕಣಗಳಾಗುತ್ತವೆ. ಇಂತಹ ದುರ್ಬಲ ಪದರದ ಮೇಲೆ ಗಾಳಿಯಿಂದ ಒತ್ತಾಗಿ ಕೂಡಿದ ಹಿಮ ಕುಳಿತರೆ, ಒಬ್ಬ ವ್ಯಕ್ತಿಯ ಭಾರಕ್ಕೂ ಅದು ಹಲಗೆಯಂತೆ ಕಳಚಿ ಜಾರಬಹುದು. ಈ ದೌರ್ಬಲ್ಯವು ಮೇಲಿನಿಂದ ಕಣ್ಣಿಗೆ ಕಾಣುವುದಿಲ್ಲ.

ಪರೀಕ್ಷಾ ಕ್ರಮ

ಇಂತಹ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಸಂಭವಿಸುತ್ತವೆ. ಸಮೀಪದಲ್ಲಿ ಹೊಸ ಕುಸಿತದ ಗುರುತು, ಕಾಲಿಟ್ಟಾಗ ಹಿಮ ಕುಸಿದಂತಹ ಮಂದ ಸದ್ದು, ಹಿಮದಲ್ಲಿ ಹರಿದೋಡುವ ಬಿರುಕು, ಭಾರೀ ಹಿಮಪಾತ ಮತ್ತು ಉಷ್ಣತೆಯ ತೀವ್ರ ಏರಿಕೆ ಅಪಾಯದ ಸೂಚನೆಗಳು.

ಪದರಗಳನ್ನು ನೋಡಲು ಹಿಮದಲ್ಲಿ ಗುಂಡಿ ತೋಡಲಾಗುತ್ತದೆ. ಪ್ರತ್ಯೇಕಿಸಿದ ಹಿಮಕಂಬದ ಮೇಲೆ ಸಲಿಕೆಯನ್ನಿಟ್ಟು ಮಣಿಕಟ್ಟು, ಮೊಣಕೈ ಮತ್ತು ಭುಜದ ಬಲದಿಂದ ತಲಾ 10 ಬಾರಿ ತಟ್ಟಲಾಗುತ್ತದೆ. ಕಡಿಮೆ ತಟ್ಟುಗಳಿಗೇ ಪದರ ಮುರಿದರೆ ಅಪಾಯ ಹೆಚ್ಚು. ಆದರೆ ಒಂದು ಗುಂಡಿಯ ಫಲಿತಾಂಶ ಇಡೀ ಇಳಿಜಾರಿಗೆ ಅನ್ವಯಿಸದು. ಆದ್ದರಿಂದ ಕಂಬ ಮುರಿಯದಿದ್ದರೂ ಮೇಲಿನ ಸೂಚನೆಗಳನ್ನು ಕಡೆಗಣಿಸುವಂತಿಲ್ಲ.

ಅಪಾಯದ ಮಾಪಕ

ಯುರೋಪಿನಲ್ಲಿ 1993ರಿಂದ ಐದು ಹಂತಗಳ ಮಾಪಕ ಬಳಕೆಯಲ್ಲಿದೆ. ಐದರಲ್ಲಿ ನಡುವಿನದೆಂಬ ಕಾರಣಕ್ಕೆ ಮೂರನೆಯ ಹಂತವನ್ನು ಸಾಧಾರಣವೆಂದು ಭಾವಿಸುವುದು ತಪ್ಪು. ಹಿಮಕುಸಿತದ ಸಾವುಗಳಲ್ಲಿ ದೊಡ್ಡ ಪಾಲು ಈ ಹಂತದಲ್ಲಿಯೇ ಸಂಭವಿಸುತ್ತದೆ.

ಭಾರತದಲ್ಲಿ

1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ ಸ್ಥಾಪನೆಯಾಯಿತು. 2020ರಲ್ಲಿ ಅದನ್ನು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಮತ್ತೊಂದು ಪ್ರಯೋಗಾಲಯದೊಂದಿಗೆ ವಿಲೀನಗೊಳಿಸಲಾಯಿತು.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 10 ಸೈನಿಕರು ಹಿಮದಡಿ ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಮಾತ್ರ ಆರು ದಿನಗಳ ಬಳಿಕ ಜೀವಂತವಾಗಿ ಪತ್ತೆಯಾದರು. ಫೆಬ್ರುವರಿ 11ರಂದು ದೆಹಲಿಯಲ್ಲಿ ನಿಧನರಾದರು. ಇದು ತೀರ ಅಪರೂಪದ ಪ್ರಕರಣ. ಪೂರ್ಣವಾಗಿ ಹೂತುಹೋದವರಲ್ಲಿ ಬಹುಪಾಲು ಜನರು ಅರ್ಧ ಗಂಟೆಯೊಳಗೆ ಹೊರತೆಗೆಯದಿದ್ದರೆ ಉಸಿರುಗಟ್ಟಿ ಸಾಯುತ್ತಾರೆ. ಆದುದರಿಂದ ರಕ್ಷಣಾ ಕಾರ್ಯಕ್ಕಿಂತ ಮುಂಚಿತವಾದ ಅಪಾಯ ನಿರ್ಣಯಕ್ಕೇ ಹೆಚ್ಚಿನ ಮಹತ್ವವಿದೆ.